ಹನ್ನೊಂದನೆಯ ತರಗತಿಯ ವರ್ಷ: ಅಮೆರಿಕದ ಕನ್ನಡ ಪೋಷಕರ ಪ್ರಶ್ನೆಗಳಿಗೆ ಉತ್ತರ

ಅಮೆರಿಕದಲ್ಲಿ ಪ್ರೌಢಶಾಲೆ ಎಂದರೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗಿನ ನಾಲ್ಕು ವರ್ಷ. ಇವುಗಳಲ್ಲಿ ಮೂರನೆಯದಾದ ಹನ್ನೊಂದನೆಯ ತರಗತಿಯ ಮಕ್ಕಳನ್ನು ಅಲ್ಲಿ ಜೂನಿಯರ್‌ಗಳೆಂದು ಕರೆಯುತ್ತಾರೆ. ಈ ಮಕ್ಕಳ ತಂದೆತಾಯಂದಿರಿಂದ ಅಂಕಣಕ್ಕೆ ಬಂದ ಹಲವು ಪತ್ರಗಳಲ್ಲಿ ಕೆಲವನ್ನು ಆರಿಸಿ ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ. ಬರೆದವರ ಹೆಸರುಗಳನ್ನು ಕೈಬಿಟ್ಟು ಊರುಗಳನ್ನಷ್ಟೇ ಉಳಿಸಿಕೊಂಡಿದ್ದೇವೆ.

ಪ್ರಶ್ನೆ: ನನ್ನ ಮಗಳು ಈ ಸೆಪ್ಟೆಂಬರ್‌ನಲ್ಲಿ ಹನ್ನೊಂದನೆಯ ತರಗತಿಗೆ ಬಂದಿದ್ದಾಳೆ. ಕನ್ನಡ ಕೂಟದ ಕಾರ್ಯಕ್ರಮಗಳಲ್ಲಿ ಸಿಗುವ ತಾಯಂದಿರೆಲ್ಲ ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಪರೀಕ್ಷೆಯ ಕೋಚಿಂಗ್ ವಿಷಯವನ್ನೇ ಮಾತನಾಡುತ್ತಾರೆ. ನಾನು ಓದಿದ್ದು ದಾವಣಗೆರೆಯಲ್ಲಿ. ಇಲ್ಲಿನ ವ್ಯವಸ್ಥೆ ನನಗೆ ಪೂರ್ತಿ ಅರ್ಥವಾಗಿಲ್ಲ. ಈ ವರ್ಷ ಮೊದಲು ಏನು ಮಾಡಬೇಕು? — ಎಡಿಸನ್, ನ್ಯೂಜೆರ್ಸಿ

ಉತ್ತರ: ಕೋಚಿಂಗ್ ವಿಷಯವನ್ನು ಸದ್ಯಕ್ಕೆ ಬದಿಗಿಟ್ಟು, ಮಗಳ ಟ್ರಾನ್ಸ್‌ಕ್ರಿಪ್ಟ್, ಅಂದರೆ ಒಂಬತ್ತನೆಯ ತರಗತಿಯಿಂದ ಈವರೆಗೆ ಓದಿದ ವಿಷಯಗಳ ಮತ್ತು ಗ್ರೇಡುಗಳ ಪಟ್ಟಿಯನ್ನು ಶಾಲೆಯ ಕೌನ್ಸೆಲರ್‌ನಿಂದ ಪಡೆದು, ತಾಯಿ ಮಗಳಿಬ್ಬರೂ ಕುಳಿತು ಓದಿ. ದಾವಣಗೆರೆಯಲ್ಲಿ ನೀವು ದ್ವಿತೀಯ ಪಿಯುಸಿಯ ಒಂದು ಪರೀಕ್ಷೆಯ ಮೇಲೆ ಮುಂದಿನ ದಾರಿಯನ್ನು ಕಂಡುಕೊಂಡಿರಬಹುದು. ಇಲ್ಲಿ ಆ ಸ್ಥಾನ ನಾಲ್ಕು ವರ್ಷಗಳ ಈ ಪಟ್ಟಿಗಿದೆ. ಹನ್ನೆರಡನೆಯ ತರಗತಿಯ ನವೆಂಬರ್ 1ರ ಸುಮಾರಿಗೆ ಮುಗಿಯುವ ಮೊದಲ ಸುತ್ತಿನಲ್ಲಿ ಅರ್ಜಿ ಹಾಕಿದರೆ, ಕಾಲೇಜಿನವರ ಮೇಜಿನ ಮೇಲೆ ಇರುವುದು ಹನ್ನೊಂದನೆಯ ತರಗತಿಯವರೆಗಿನ ಗ್ರೇಡುಗಳು ಮಾತ್ರ. ಹನ್ನೆರಡರ ಅರ್ಧವಾರ್ಷಿಕ ಗ್ರೇಡುಗಳು ತಡವಾಗಿ ಸೇರುತ್ತವೆ. ಆದ್ದರಿಂದ ನಿರ್ಣಾಯಕರು ಪೂರ್ತಿಯಾಗಿ ನೋಡುವ ಕೊನೆಯ ವರ್ಷ ಈಗ ನಡೆಯುತ್ತಿರುವುದೇ.

ಆ ಪಟ್ಟಿಯನ್ನು ಎರಡು ಬಾರಿ ಓದಬೇಕಾಗುತ್ತದೆ. ಮೊದಲನೆಯ ಓದು ಪ್ರೌಢಶಾಲೆಯ ಪದವಿಪತ್ರಕ್ಕಾಗಿ. ಶಾಲೆ ಮುಗಿಸಲು ನ್ಯೂಜೆರ್ಸಿ ರಾಜ್ಯ ಕನಿಷ್ಠ 120 ಕ್ರೆಡಿಟ್‌ಗಳನ್ನು ಕೇಳುತ್ತದೆ: ಇಂಗ್ಲಿಷ್ ನಾಲ್ಕು ವರ್ಷ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಮೂರು ಮೂರು ವರ್ಷ, ಒಂದು ವರ್ಷದ ವಿದೇಶಿ ಭಾಷೆ, ಪ್ರತಿ ವರ್ಷವೂ ದೈಹಿಕ ಶಿಕ್ಷಣ, ಜೊತೆಗೆ ಅರ್ಧ ವರ್ಷದ ಹಣಕಾಸು ತಿಳಿವಳಿಕೆಯ ಪಾಠ. ನಮ್ಮ ಮಕ್ಕಳು ಗಣಿತ, ವಿಜ್ಞಾನಗಳಲ್ಲಿ ಸಾಮಾನ್ಯವಾಗಿ ಬೇಕಾದುದಕ್ಕಿಂತ ಮುಂದೆಯೇ ಇರುತ್ತಾರೆ; ತೊಡಕಾಗುವುದು ಕಲೆಯ ಕ್ರೆಡಿಟ್, ಹಣಕಾಸು ಪಾಠ ಇಂಥವುಗಳಲ್ಲಿ, ಅದರಲ್ಲೂ ನಡುವೆ ಬೇರೆ ರಾಜ್ಯದಿಂದಲೋ ಭಾರತದಿಂದಲೋ ಬಂದು ಸೇರಿದವರಲ್ಲಿ. ಇದಲ್ಲದೆ ಹನ್ನೊಂದನೆಯ ತರಗತಿಯ ವಸಂತದಲ್ಲಿ ಇಂಗ್ಲಿಷ್ ಮತ್ತು ಗಣಿತಕ್ಕೆ ರಾಜ್ಯದ ಪದವಿ ಅರ್ಹತಾ ಪರೀಕ್ಷೆ ಇರುತ್ತದೆ. ಅದರಲ್ಲಿ ಹಿಂದೆ ಬಿದ್ದರೂ ಎಸ್‌ಎಟಿಯಂಥ ಪರೀಕ್ಷೆಯ ಅಂಕಗಳನ್ನೋ ಆಯ್ದ ಕೆಲಸಗಳ ಕಡತವನ್ನೋ ಸಲ್ಲಿಸಿ ಮುಂದೆ ಹೋಗಲು ದಾರಿಯಿದೆ. ಹಾಗಾಗಿ ಅದಕ್ಕೆ ಹೆದರುವ ಕಾರಣವಿಲ್ಲ, ದಿನಾಂಕ ತಿಳಿದಿದ್ದರೆ ಸಾಕು.

ಎರಡನೆಯ ಓದು ಕಾಲೇಜಿಗಾಗಿ. ಹನ್ನೆರಡನೆಯ ತರಗತಿಗೆ ಯಾವ ಯಾವ ವಿಷಯ ತೆಗೆದುಕೊಳ್ಳಬೇಕೆಂಬುದನ್ನು ಬಹುತೇಕ ಶಾಲೆಗಳು ಜನವರಿಯಿಂದ ಮಾರ್ಚ್ ಒಳಗೆ ಕೇಳಿಬಿಡುತ್ತವೆ. ನನ್ನ ದೃಷ್ಟಿಯಲ್ಲಿ ಈ ವರ್ಷದ ಅತಿ ಮುಖ್ಯ ನಿರ್ಧಾರ ಅದೇ, ಆದರೂ ಅನೇಕ ಮನೆಗಳಲ್ಲಿ ಮಗು ಒಂದು ಸಂಜೆ ಲ್ಯಾಪ್‌ಟಾಪ್‌ನಲ್ಲಿ ಒಬ್ಬಳೇ ಗುರುತು ಹಾಕಿ ಮುಗಿಸುವ ಕೆಲಸವಾಗಿರುತ್ತದೆ. ಕಾಲೇಜಿನವರು ಎಪಿ, ಅಂದರೆ ಶಾಲೆಯಲ್ಲೇ ಓದುವ ಕಾಲೇಜು ಮಟ್ಟದ ತರಗತಿಗಳ ಸಂಖ್ಯೆಯನ್ನು ಪಕ್ಕದ ಊರಿನ ಶಾಲೆಯೊಂದಿಗೆ ಹೋಲಿಸುವುದಿಲ್ಲ. ಪ್ರತಿ ಟ್ರಾನ್ಸ್‌ಕ್ರಿಪ್ಟ್ ಜೊತೆಗೆ ಕೌನ್ಸೆಲರ್ ಕಳುಹಿಸುವ ಶಾಲಾ ಪರಿಚಯ ಪತ್ರದಲ್ಲಿ ಆ ಶಾಲೆ ಏನೇನು ಕಲಿಸುತ್ತದೆ ಎಂಬ ವಿವರವಿರುತ್ತದೆ, ಅದರೊಳಗೆ ಈ ವಿದ್ಯಾರ್ಥಿನಿ ಎಷ್ಟು ಕಷ್ಟದ ದಾರಿ ಹಿಡಿದಳು ಎಂದು ನೋಡುತ್ತಾರೆ. ಎಂಜಿನಿಯರಿಂಗ್ ಬೇಕೆನ್ನುವವಳು ಭೌತವಿಜ್ಞಾನವನ್ನು ಬಿಟ್ಟು, ಹಗುರವಾದ ನಾಲ್ಕು ಎಪಿಗಳನ್ನು ಪೇರಿಸಿಕೊಂಡರೆ ಆ ಲೆಕ್ಕ ಯಾರ ಕಣ್ಣಿಗೂ ತಪ್ಪುವುದಿಲ್ಲ.

ಇನ್ನು ಪರೀಕ್ಷೆಗಳು. ಅಕ್ಟೋಬರ್‌ನಲ್ಲಿ ಶಾಲೆಯಲ್ಲೇ ನಡೆಯುವ, ಎಸ್‌ಎಟಿಗೆ ಪೂರ್ವಸಿದ್ಧತೆಯಂಥ ಪಿಎಸ್‌ಎಟಿಯನ್ನು ಮಗಳು ತಪ್ಪದೆ ಬರೆಯಲಿ. 1955ರಲ್ಲಿ ಆರಂಭವಾದ ನ್ಯಾಷನಲ್ ಮೆರಿಟ್ ವಿದ್ಯಾರ್ಥಿವೇತನಕ್ಕೆ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದು ಹನ್ನೊಂದನೆಯ ತರಗತಿಯಲ್ಲಿ ಬರೆದದ್ದು. ಎಸ್‌ಎಟಿ 2024ರ ಮಾರ್ಚ್‌ನಿಂದ ಅಮೆರಿಕದಲ್ಲಿ ಪೂರ್ತಿ ಡಿಜಿಟಲ್ ಆಗಿದೆ. 2 ಗಂಟೆ 14 ನಿಮಿಷ, 98 ಪ್ರಶ್ನೆಗಳು, ಗಣಿತಕ್ಕೆಲ್ಲ ಕ್ಯಾಲ್ಕುಲೇಟರ್ ಉಂಟು. ಪರೀಕ್ಷೆ ನಡೆಯುವ ಬ್ಲೂಬುಕ್ ಆ್ಯಪ್‌ನಲ್ಲೇ ಪೂರ್ಣ ಪ್ರಮಾಣದ ಅಭ್ಯಾಸ ಪರೀಕ್ಷೆಗಳು ಉಚಿತವಾಗಿ ಸಿಗುತ್ತವೆ, ಖಾನ್ ಅಕಾಡೆಮಿಯ ಪಾಠಗಳೂ ಉಚಿತ. ಇವೆರಡನ್ನೂ ಮುಗಿಸಿದ ಮೇಲೆ ಎಲ್ಲಿ ಸೋಲುತ್ತಿದ್ದಾಳೆಂದು ಗೊತ್ತಾದರೆ, ಆಗ ಬೇಕಿದ್ದರೆ ಆ ಭಾಗಕ್ಕೆ ಹಣ ಕೊಟ್ಟು ಕಲಿಸಿ. ಮಾರ್ಚ್ ಅಥವಾ ಮೇ ತಿಂಗಳಲ್ಲಿ ಒಮ್ಮೆ, ಅಗತ್ಯ ಕಂಡರೆ ಆಗಸ್ಟ್‌ನಲ್ಲಿ ಮತ್ತೊಮ್ಮೆ ಬರೆದರೆ ಸಾಕು.

ಮೇ ತಿಂಗಳ ಕೊನೆಯಲ್ಲಿ, ಈ ವರ್ಷ ಪಾಠ ಹೇಳಿದ ಇಬ್ಬರು ಶಿಕ್ಷಕರನ್ನು ಮಗಳೇ ಹೋಗಿ ಶಿಫಾರಸು ಪತ್ರಕ್ಕಾಗಿ ಕೇಳಲಿ. ಸೆಪ್ಟೆಂಬರ್‌ವರೆಗೆ ಕಾದರೆ ಜನಪ್ರಿಯ ಶಿಕ್ಷಕರ ಬಳಿ ಸರತಿ ಬೆಳೆದಿರುತ್ತದೆ, ಮತ್ತು ಗ್ರೇಡಿನ ಆಚೆಗೆ ಬರೆಯಬೇಕೆಂದರೆ ಅವರಿಗೆ ಅವಳ ಮುಖ, ಮಾತು ನೆನಪಿರಬೇಕು.

ಪ್ರಶ್ನೆ: ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಎಸ್‌ಎಟಿಯನ್ನು ನೋಡುವುದೇ ಇಲ್ಲವೆಂದು ಮಗ ಹೇಳುತ್ತಾನೆ, ಹಾಗಾಗಿ ಬರೆಯುವುದಿಲ್ಲವೆಂದು ಹಟ ಹಿಡಿದಿದ್ದಾನೆ. ಅವನ ಮಾತು ನಿಜವೇ? ಅವನಿಗೆ ಕಂಪ್ಯೂಟರ್ ಸೈನ್ಸ್ ಬೇಕು. ಒಂಬತ್ತನೆಯ ತರಗತಿಯಲ್ಲಿ ಸ್ಪ್ಯಾನಿಷ್‌ನಲ್ಲಿ ಡಿ ಬಂದಿತ್ತು. ಶಾಲೆ ಪಾಸೆಂದೇ ಪರಿಗಣಿಸಿದೆ. — ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಉತ್ತರ: ಮಗ ಹೇಳುವುದು ನಿಜ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯಾಗೊ ಸೇರಿ ಪದವಿ ಶಿಕ್ಷಣ ನೀಡುವ ಆ ವಿಶ್ವವಿದ್ಯಾಲಯದ (ಯುಸಿ) ಒಂಬತ್ತೂ ಕ್ಯಾಂಪಸ್‌ಗಳು ಪ್ರವೇಶದ ನಿರ್ಣಯದಲ್ಲಿ ಎಸ್‌ಎಟಿ ಅಂಕಗಳನ್ನಾಗಲಿ ಅಂಥದೇ ಎಸಿಟಿ ಪರೀಕ್ಷೆಯ ಅಂಕಗಳನ್ನಾಗಲಿ ಪರಿಗಣಿಸುವುದಿಲ್ಲ. ಕ್ಯಾಲಿಫೋರ್ನಿಯಾ ಸ್ಟೇಟ್ ವಿಶ್ವವಿದ್ಯಾಲಯಗಳೂ (ಸಿಎಸ್‌ಯು) ಹಾಗೆಯೇ. ಆದರೆ ರಾಜ್ಯದ ಆಚೆ ಗಾಳಿ ಬೇರೆ ದಿಕ್ಕಿಗೆ ಬೀಸುತ್ತಿದೆ. ಎಂಐಟಿ 2022ರಲ್ಲಿ ಪರೀಕ್ಷೆಯನ್ನು ಮತ್ತೆ ಕಡ್ಡಾಯ ಮಾಡಿತು, 2024ರಲ್ಲಿ ಡಾರ್ಟ್‌ಮತ್, ಬ್ರೌನ್, ಹಾರ್ವರ್ಡ್ ಹಾಗೂ ನಿಮ್ಮ ರಾಜ್ಯದ್ದೇ ಆದ ಕ್ಯಾಲ್‌ಟೆಕ್ ಪರೀಕ್ಷೆಗೆ ಮರಳುವ ತೀರ್ಮಾನ ಪ್ರಕಟಿಸಿದವು. ಮಗನ ಪಟ್ಟಿಯಲ್ಲಿ ಯುಸಿ, ಸಿಎಸ್‌ಯುಗಳ ಹೊರತಾಗಿ ಬೇರಾವುದೂ ಇಲ್ಲವೆಂದು ಅವನು ಇಂದೇ ಹೇಳಬಲ್ಲನಾದರೆ ಪರೀಕ್ಷೆ ಬಿಡಲಿ. ಹದಿನಾರನೆಯ ವಯಸ್ಸಿನಲ್ಲಿ ಅಷ್ಟು ಖಚಿತವಾಗಿ ಹೇಳುವವರು ವಿರಳ.

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಕಾಳಜಿಯೆನಿಸಿದ್ದು ಎಸ್‌ಎಟಿಯಲ್ಲ, ಆ ಡಿ. ಕ್ಯಾಲಿಫೋರ್ನಿಯಾದಲ್ಲಿ ಶಾಲೆ ಮುಗಿಸುವ ಅರ್ಹತೆಯೂ ಯುಸಿಗೆ ಅರ್ಜಿ ಹಾಕುವ ಅರ್ಹತೆಯೂ ಒಂದೇ ಅಲ್ಲ. ರಾಜ್ಯದ ಕನಿಷ್ಠ ನಿಯಮದಂತೆ ಗಣಿತ ಎರಡು ವರ್ಷ ಓದಿದರೂ ಪದವಿಪತ್ರ ಸಿಗುತ್ತದೆ. ಯುಸಿಗೆ ಮೂರು ವರ್ಷ ಬೇಕು, ನಾಲ್ಕಾದರೆ ಲೇಸು. ಎ-ಜಿ ಎಂದು ಕರೆಯುವ ಪಟ್ಟಿಯಲ್ಲಿ ಒಂದೊಂದು ವರ್ಷದ ಹದಿನೈದು ವಿಷಯಗಳಿವೆ, ಅವುಗಳಲ್ಲಿ ಹನ್ನೊಂದನ್ನು ಹನ್ನೆರಡನೆಯ ತರಗತಿ ಆರಂಭವಾಗುವ ಮೊದಲೇ ಮುಗಿಸಿರಬೇಕು, ಎಲ್ಲದರಲ್ಲೂ ಸಿ ಅಥವಾ ಅದಕ್ಕಿಂತ ಮೇಲಿನ ಗ್ರೇಡ್ ಇರಬೇಕು. ಶಾಲೆ ಪಾಸೆಂದು ಕೊಟ್ಟ ಡಿ ಇಲ್ಲಿ ಹಾಗೆಯೇ ಸಲ್ಲುವುದಿಲ್ಲ. ಭಾಷೆಯ ವಿಷಯದಲ್ಲಿ ಒಂದು ಅನುಕೂಲವಿದೆ: ಅದೇ ಭಾಷೆಯ ಮುಂದಿನ ಹಂತವನ್ನು ಸಿ ಅಥವಾ ಅದಕ್ಕಿಂತ ಮೇಲಿನ ಗ್ರೇಡಿನಲ್ಲಿ ಮುಗಿಸಿದ್ದರೆ ಕೆಳ ಹಂತದ ಕೊರತೆ ತುಂಬಿದಂತಾಗುತ್ತದೆ. ಅವನು ಎರಡನೆಯ ವರ್ಷದ ಸ್ಪ್ಯಾನಿಷ್ ಮುಗಿಸಿದ್ದಾನೆಯೇ, ನಡುವೆಯೇ ಬಿಟ್ಟಿದ್ದಾನೆಯೇ ಎಂಬುದನ್ನು ಈ ವಾರವೇ ಕೌನ್ಸೆಲರ್ ಬಳಿ ಕೇಳಿ. ಬಿಟ್ಟಿದ್ದರೆ ಬರುವ ಬೇಸಿಗೆಯ ತರಗತಿ ಅದಕ್ಕೇ ಮೀಸಲಾಗಲಿ. ಮಗ ಕನ್ನಡ ಓದಿ ಬರೆಯಬಲ್ಲವನಾದರೆ ಇನ್ನೊಂದು ಮಾತನ್ನೂ ಕೇಳಬಹುದು. ಇಂಗ್ಲಿಷೇತರ ಭಾಷೆಯೊಂದರ ಪ್ರೌಢಿಮೆಯನ್ನು ಶಾಲೆ ಪರೀಕ್ಷಿಸಿ ದೃಢೀಕರಿಸಿದರೆ ಯುಸಿ ಒಪ್ಪುತ್ತದೆ, ಕನ್ನಡಕ್ಕೆ ಅಂಥ ಪರೀಕ್ಷೆಯನ್ನು ನಿಮ್ಮ ಶಾಲಾ ಜಿಲ್ಲೆ ಒಪ್ಪುವುದೇ ಎಂಬುದು ಆ ಕಚೇರಿಯ ಮಾತು. ಅದೇ ಪ್ರೌಢಿಮೆ, ಎರಡು ಭಾಷೆ ಬಲ್ಲವರ ಪದವಿಪತ್ರಕ್ಕೆ ರಾಜ್ಯ ಹಾಕಿಸುವ ದ್ವಿಭಾಷಾ ಮುದ್ರೆಗೂ ಉಪಯೋಗಕ್ಕೆ ಬರುತ್ತದೆ. ಕ್ಯಾಲಿಫೋರ್ನಿಯಾ ಅದನ್ನು 2011ರಲ್ಲಿ ಕಾನೂನು ಮಾಡಿತು. ವಾರಾಂತ್ಯದ ಕನ್ನಡ ಶಾಲೆಗೆ ಹೋಗಲು ಗೊಣಗಿದ ಮಕ್ಕಳಿಗೆ ಹೇಳಬಹುದಾದ ಸುದ್ದಿ ಇದು.

ಯುಸಿ ಲೆಕ್ಕ ಹಾಕುವ ಜಿಪಿಎಯಲ್ಲಿ, ಅಂದರೆ ಗ್ರೇಡುಗಳ ಸರಾಸರಿಯಲ್ಲಿ, ಒಂಬತ್ತರ ಗ್ರೇಡುಗಳು ಸೇರುವುದಿಲ್ಲ. ಹತ್ತು ಮತ್ತು ಹನ್ನೊಂದನೆಯ ತರಗತಿಗಳು, ಅವುಗಳ ಆಚೀಚಿನ ಬೇಸಿಗೆಗಳು ಮಾತ್ರ ಸೇರುತ್ತವೆ. ಆದ್ದರಿಂದ ನಿಮ್ಮ ಮಗನಿಗೆ ಆ ಡಿ ಸರಾಸರಿಯನ್ನು ಕೆಡಿಸಿಲ್ಲ, ಅರ್ಹತೆಯ ಪ್ರಶ್ನೆಯನ್ನಷ್ಟೇ ಎತ್ತಿದೆ. ಅದೇ ಲೆಕ್ಕದಿಂದ ಆ ಸರಾಸರಿಯಲ್ಲಿ ಈ ವರ್ಷದ್ದೇ ಅರ್ಧದಷ್ಟು ಪಾಲು. ಪ್ರಬಂಧಕ್ಕೆ ಈಗಲೇ ತಲೆ ಕೆಡಿಸಿಕೊಳ್ಳುವುದು ಬೇಡ. ಯುಸಿ ಅರ್ಜಿಯ ಎಂಟು ಪ್ರಶ್ನೆಗಳಲ್ಲಿ ನಾಲ್ಕಕ್ಕೆ ತಲಾ 350 ಪದಗಳ ಮಿತಿಯೊಳಗೆ ಉತ್ತರಿಸುವುದು ಮುಂದಿನ ಬೇಸಿಗೆಯ ಕೆಲಸ, ಅರ್ಜಿ ಸಲ್ಲಿಸುವ ಅವಧಿ ಅಕ್ಟೋಬರ್‌ನಿಂದ ನವೆಂಬರ್ ಕೊನೆಯವರೆಗೆ ಇರುತ್ತದೆ.

ಕಂಪ್ಯೂಟರ್ ಸೈನ್ಸ್ ವಿಚಾರದಲ್ಲಿ ಒಂದು ಎಚ್ಚರ. ಬೇರೊಂದು ವಿಷಯದಲ್ಲಿ ಸೇರಿ ಒಳಗೆ ಹೋದ ಮೇಲೆ ಬದಲಾಯಿಸಿಕೊಳ್ಳೋಣ ಎಂಬ ಉಪಾಯ ನಮ್ಮವರ ನಡುವೆ ಬಹಳ ಓಡಾಡುತ್ತದೆ. ಬೇಡಿಕೆ ಹೆಚ್ಚಿರುವ ಕ್ಯಾಂಪಸ್‌ಗಳು ಆ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿವೆ. ಇಷ್ಟವಿಲ್ಲದ ವಿಷಯದಲ್ಲಿ ನಾಲ್ಕು ವರ್ಷ ಕಳೆಯಲು ಸಿದ್ಧನಿದ್ದರೆ ಮಾತ್ರ ಅದನ್ನು ಅರ್ಜಿಯಲ್ಲಿ ಬರೆಯಲಿ.

ಪ್ರಶ್ನೆ: ನಾನು ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿದ್ದೇನೆ, ಮಗ ಅವಲಂಬಿತರ ಎಚ್-4ರಲ್ಲಿ. ಕಾಯಂ ವಾಸದ ಗ್ರೀನ್ ಕಾರ್ಡ್ ಸರದಿ ಯಾವಾಗ ಬರುತ್ತದೋ ತಿಳಿಯದು. ಮಗ 2027ರಲ್ಲಿ ಪ್ರೌಢಶಾಲೆ ಮುಗಿಸುತ್ತಾನೆ. ಇದೇ ಊರಿನಲ್ಲಿರುವ ನನ್ನ ತಂಗಿಯ ಮನೆಯವರಿಗೆ ಗ್ರೀನ್ ಕಾರ್ಡ್ ಇದೆ, ಅವರ ಮಗಳೂ ಅದೇ ತರಗತಿ. ಫ್ಯಾಫ್ಸಾ ತುಂಬಲೇಬೇಕೆಂದು ಶಾಲೆ ಹೇಳುತ್ತಿದೆ. ಖರ್ಚಿನ ವಿಷಯದಲ್ಲಿ ಎರಡೂ ಮನೆಯವರು ಏನು ತಿಳಿದಿರಬೇಕು? ಮೈಸೂರಿನಲ್ಲಿರುವ ಸೈಟನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆಯೇ? — ಫ್ರಿಸ್ಕೊ, ಟೆಕ್ಸಾಸ್

ಉತ್ತರ: ಹಣದ ಮಾತನ್ನು ಹನ್ನೊಂದನೆಯ ತರಗತಿಯಲ್ಲೇ ಕೇಳಿದ್ದು ಒಳ್ಳೆಯದಾಯಿತು. ಸಾಮಾನ್ಯವಾಗಿ ಈ ಪ್ರಶ್ನೆ ಬರುವುದು ಹನ್ನೆರಡರ ಏಪ್ರಿಲ್‌ನಲ್ಲಿ, ಪ್ರವೇಶಪತ್ರ ಕೈಯಲ್ಲಿದ್ದು ಶುಲ್ಕ ಕಟ್ಟಲಾರದೆ, ಕೈಗೆ ಬಂದ ತುತ್ತು ಬಾಯಿಗೆ ಬಾರದಂತಾದಾಗ.

ಮೊದಲು ತಂಗಿಯ ಮನೆಯ ಮಾತು. ಕೇಂದ್ರ ಸರ್ಕಾರದ ಆರ್ಥಿಕ ನೆರವಿನ ಅರ್ಜಿಯಾದ ಫ್ಯಾಫ್ಸಾಕ್ಕೆ ನಾಗರಿಕರೂ ಗ್ರೀನ್ ಕಾರ್ಡ್ ಇರುವವರೂ ಅರ್ಹರು. ಈ ಅರ್ಜಿ ಎರಡು ವರ್ಷ ಹಿಂದಿನ ಆದಾಯವನ್ನು ನೋಡುತ್ತದೆ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. 2027ರ ಶರತ್ಕಾಲದಲ್ಲಿ ಕಾಲೇಜು ಸೇರುವ ಮಗಳಿಗೆ ಲೆಕ್ಕವಾಗುವುದು 2025ರ ತೆರಿಗೆ ವಿವರ, ಎಂದರೆ ಹತ್ತನೆಯ ತರಗತಿಯ ಎರಡನೆಯ ಅರ್ಧದಿಂದ ಹನ್ನೊಂದರ ಮೊದಲ ಅರ್ಧದವರೆಗಿನ ಆದಾಯ. ಷೇರು ಮಾರಿದ ಲಾಭ, ಕಂಪನಿಯಿಂದ ಬಂದ ಇಡಿಗಂಟು ಯಾವ ವರ್ಷಕ್ಕೆ ಬಿತ್ತು ಎಂಬುದು ಇದರಿಂದ ಮುಖ್ಯವಾಗುತ್ತದೆ. ಆ ವರ್ಷದ ಬಳಿಕ ಕೆಲಸ ಹೋಗಿದ್ದರೆ ಅಥವಾ ಆದಾಯ ಗಣನೀಯವಾಗಿ ಇಳಿದಿದ್ದರೆ ಕಾಲೇಜಿನ ನೆರವಿನ ಕಚೇರಿಗೆ ದಾಖಲೆ ಸಮೇತ ಬರೆದು ಮರುಪರಿಶೀಲನೆ ಕೇಳಬಹುದು.

ಮೈಸೂರಿನ ಸೈಟಿನ ಪ್ರಶ್ನೆಗೆ ಉತ್ತರ ಹೌದು ಎಂದೇ. ಫ್ಯಾಫ್ಸಾ ನೀವು ವಾಸಿಸುವ ಮನೆಯನ್ನೂ 401(ಕೆ) ಮೊದಲಾದ ನಿವೃತ್ತಿ ಖಾತೆಗಳನ್ನೂ ಆಸ್ತಿಯೆಂದು ಎಣಿಸುವುದಿಲ್ಲ. ಆದರೆ ಬೇರೆ ಸ್ಥಿರಾಸ್ತಿ ಹೂಡಿಕೆಯೇ. ಅದು ಟೆಕ್ಸಾಸ್‌ನಲ್ಲಿದ್ದರೂ ವಿಜಯನಗರ ಬಡಾವಣೆಯಲ್ಲಿದ್ದರೂ ವ್ಯತ್ಯಾಸವಿಲ್ಲ. ಆಸ್ತಿಯ ಪ್ರಶ್ನೆ ಎದುರಾದರೆ ಸಾಲ ಕಳೆದು ಉಳಿದ ಇಂದಿನ ಮೌಲ್ಯವನ್ನು ಬರೆಯಬೇಕು. ತಂದೆಯ ಹೆಸರಿನಲ್ಲಿರುವ, ಇನ್ನೂ ಭಾಗವಾಗದ ಜಮೀನನ್ನು ನಿಮ್ಮದೆಂದು ಬರೆಯುವ ಅಗತ್ಯವಿಲ್ಲ. ನಿಮ್ಮ ಹೆಸರಿನಲ್ಲಿರುವುದನ್ನು ಅಲ್ಲಿ ಯಾರು ನೋಡುತ್ತಾರೆಂದು ಮುಚ್ಚಿಡುವುದೂ ಬೇಡ, ಏಕೆಂದರೆ ಆ ಅರ್ಜಿಗೆ ಸಹಿ ಹಾಕುವುದು ಕಾನೂನಿನ ಹೊಣೆ. ಅನೇಕ ಖಾಸಗಿ ಕಾಲೇಜುಗಳು ಇದರ ಜೊತೆಗೆ ಸಿಎಸ್‌ಎಸ್ ಪ್ರೊಫೈಲ್ ಎಂಬ ಇನ್ನೂ ವಿವರವಾದ ಅರ್ಜಿಯನ್ನು ಕೇಳುತ್ತವೆ, ವಾಸದ ಮನೆಯ ಮೌಲ್ಯವೂ ಅದರಲ್ಲಿ ಬರುತ್ತದೆ. ಹಿಂದೆ ಇಬ್ಬರು ಮಕ್ಕಳು ಏಕಕಾಲಕ್ಕೆ ಕಾಲೇಜಿನಲ್ಲಿದ್ದರೆ ಫ್ಯಾಫ್ಸಾದಲ್ಲಿ ಸಿಗುತ್ತಿದ್ದ ರಿಯಾಯಿತಿ 2024-25ರ ಬದಲಾವಣೆಯಿಂದ ಹೋಗಿದೆ; ಹಳೆಯ ಅನುಭವದ ಮೇಲೆ ಸಲಹೆ ಕೊಡುವ ಬಂಧುಗಳಿಗೆ ಇದು ತಿಳಿದಿರಲಾರದು. ಪ್ರತಿ ಕಾಲೇಜಿನ ಜಾಲತಾಣದಲ್ಲೂ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಇರಬೇಕೆಂಬ ನಿಯಮ 2011ರಿಂದ ಜಾರಿಯಲ್ಲಿದೆ. ಈ ಚಳಿಗಾಲದ ರಜೆಯಲ್ಲಿ ಐದಾರು ಕಾಲೇಜುಗಳಿಗೆ ಅದನ್ನು ತುಂಬಿ ನೋಡಿದರೆ, ಘೋಷಿತ ಶುಲ್ಕಕ್ಕೂ ಆ ಮನೆಯವರು ನಿಜವಾಗಿ ಕಟ್ಟಬೇಕಾಗುವುದಕ್ಕೂ ಇರುವ ಅಂತರ ಕಾಣುತ್ತದೆ.

ಈಗ ನಿಮ್ಮ ಮಗ. ಎಚ್-4 ಇರುವವರಿಗೆ ಕೇಂದ್ರದ ನೆರವೂ ಸಾಲವೂ ಇಲ್ಲ. ಟೆಕ್ಸಾಸ್‌ನಲ್ಲಿ ಫ್ಯಾಫ್ಸಾ ಪದವಿಪತ್ರದ ನಿಯಮಗಳಲ್ಲಿ ಸೇರಿದೆ ಎಂಬುದು ನಿಜವಾದರೂ, ಪೋಷಕರು ಸಹಿ ಮಾಡಿ ಕೊಡುವ ವಿನಾಯಿತಿ ಪತ್ರವೂ ಅದೇ ನಿಯಮದೊಳಗಿದೆ. ಅದನ್ನು ಕೊಟ್ಟರೆ ಶಾಲೆಯ ಮಟ್ಟಿಗೆ ಕೆಲಸ ಮುಗಿಯಿತು. ಮೇಲೆ ಹೇಳಿದ ನೆಟ್ ಪ್ರೈಸ್ ಕ್ಯಾಲ್ಕುಲೇಟರ್‌ಗಳು ಕೇಂದ್ರದ ನೆರವನ್ನೂ ಸೇರಿಸಿ ತೋರಿಸುವುದರಿಂದ ನಿಮ್ಮ ಮನೆಗೆ ಆ ಅಂಕಿ ನಂಬಲರ್ಹವಲ್ಲ. ನಿಮಗೆ ಆಸರೆಯಾಗುವುದು ರಾಜ್ಯದ ನಿವಾಸಿಗಳ ಶುಲ್ಕ. ಎಚ್-4 ವಿದ್ಯಾರ್ಥಿಗಳನ್ನು ನಿವಾಸಿಗಳೆಂದು ಪರಿಗಣಿಸಲು ಟೆಕ್ಸಾಸ್‌ನ ನಿಯಮದಲ್ಲಿ ಅವಕಾಶವಿದೆ. ಆ ಮಾನ್ಯತೆಗೆ ಬೇಕಾದ ದಾಖಲೆಗಳೇನೆಂದು ವಿಶ್ವವಿದ್ಯಾಲಯದ ಕಚೇರಿಗೆ ಈಗಲೇ ಇಮೇಲ್ ಬರೆದು, ಉತ್ತರವನ್ನು ಜೋಪಾನ ಮಾಡಿ.

ಇದಕ್ಕಿಂತ ಕಷ್ಟದ್ದು ಇಪ್ಪತ್ತೊಂದರ ಗಡಿ. ಗ್ರೀನ್ ಕಾರ್ಡ್ ಬಾರದೆ 21 ತುಂಬಿದರೆ ಎಚ್-4 ಮುಗಿಯುತ್ತದೆ, ಅಷ್ಟರೊಳಗೆ ಎಫ್-1 ವಿದ್ಯಾರ್ಥಿ ವೀಸಾಕ್ಕೆ ಬದಲಾಗಬೇಕು. ವಯಸ್ಸಿನ ಲೆಕ್ಕದಲ್ಲಿ ಸ್ವಲ್ಪ ರಿಯಾಯಿತಿ ನೀಡುವ 2002ರ ಕಾಯ್ದೆಯೊಂದಿದೆ; ಅದು ನಿಮ್ಮ ಅರ್ಜಿಗೆ ಹೇಗೆ ಅನ್ವಯಿಸುತ್ತದೆಂದು ವಕೀಲರೇ ಹೇಳಬೇಕು. ಹದಿನೆಂಟಕ್ಕೆ ಕಾಲೇಜು ಸೇರುವವನಿಗೆ ಈ ಬದಲಾವಣೆ ಓದಿನ ನಡುವೆ ಬರುತ್ತದೆ, ಬಂದಾಗ ಶುಲ್ಕದ ವರ್ಗ ಬದಲಾಗುವುದೇ ಎಂಬುದೂ ಇಮೇಲ್‌ನಲ್ಲಿ ಕೇಳಬೇಕಾದ ಪ್ರಶ್ನೆ. ಎಚ್-4ರಲ್ಲಿ ಓದಬಹುದು, ಆದರೆ ಸಂಬಳದ ಕೆಲಸವನ್ನಾಗಲಿ ಇಂಟರ್ನ್‌ಶಿಪ್ ಅನ್ನಾಗಲಿ ಮಾಡುವಂತಿಲ್ಲ. ಎಫ್-1ರಲ್ಲಿ ಕ್ಯಾಂಪಸ್ ಕೆಲಸಕ್ಕೂ ಓದಿನ ನಂತರದ ತರಬೇತಿಗೂ ದಾರಿಯಿದೆ. ಎರಡರ ನಡುವೆ ಯಾವಾಗ ಬದಲಾಗಬೇಕೆಂಬ ಆಯ್ಕೆಯನ್ನು ಮನೆಯಲ್ಲಿ ಮಗನ ಎದುರೇ ಚರ್ಚಿಸಿ. ತನ್ನ ಗೆಳೆಯರಿಗೆ ಸಿಗುವ ಬೇಸಿಗೆ ಕೆಲಸ ತನಗೇಕಿಲ್ಲ ಎಂಬುದು ಅವನಿಗೆ ಇತರರಿಂದ ತಿಳಿಯುವುದು ಬೇಡ. ದೇಶದ ನಾಗರಿಕರಲ್ಲದವರ ಪ್ರವೇಶವನ್ನು ಹಣದ ಸ್ಥಿತಿ ನೋಡದೆ ನಿರ್ಧರಿಸಿ, ಅಗತ್ಯವಿದ್ದಷ್ಟು ನೆರವನ್ನೂ ಕೊಡುವ ಕೆಲವೇ ಸಂಸ್ಥೆಗಳಿವೆ: ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆ್ಯಮ್‌ಹರ್ಸ್ಟ್ ಅವುಗಳಲ್ಲಿ ಸೇರಿವೆ. ಅಲ್ಲಿ ಸೀಟು ಸಿಗುವುದು ಎಷ್ಟು ದುರ್ಲಭವೆಂದು ಹೇಳಬೇಕಾಗಿಲ್ಲ.

ಟೆಕ್ಸಾಸ್‌ನವರಿಗೆ ಹನ್ನೊಂದನೆಯ ತರಗತಿಯ ಮಹತ್ವ ಇನ್ನೂ ಒಂದು ಕಾರಣಕ್ಕೆ ಹೆಚ್ಚು. 1997ರ ಕಾಯ್ದೆಯಂತೆ ಶಾಲೆಯ ಮೊದಲ ಶೇ 10ರೊಳಗಿರುವವರಿಗೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ತಾನಾಗಿಯೇ ಪ್ರವೇಶವಿದೆ. ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೆ ಮಾತ್ರ ಈ ಮಿತಿ 2026ರಲ್ಲಿ ಸೇರುವವರಿಂದ ಶೇ 5ಕ್ಕೆ ಇಳಿದಿದೆ. ಅರ್ಜಿ ಹಾಕುವ ಹೊತ್ತಿಗೆ ಶಾಲೆ ಕೊಡುವ ರ‍್ಯಾಂಕ್ ಹನ್ನೊಂದರ ಕೊನೆಯದೇ. ಆದರೆ ಈ ಪ್ರವೇಶ ವಿಶ್ವವಿದ್ಯಾಲಯಕ್ಕೆ, ಎಂಜಿನಿಯರಿಂಗ್ ಅಥವಾ ಕಂಪ್ಯೂಟರ್ ಸೈನ್ಸ್ ವಿಭಾಗಕ್ಕಲ್ಲ. ಆ ಸ್ಪರ್ಧೆ ಬೇರೆಯೇ ನಡೆಯುತ್ತದೆ.

ಪ್ರಶ್ನೆ: ನಾನು ಹನ್ನೊಂದನೆಯ ತರಗತಿಯ ವಿದ್ಯಾರ್ಥಿ. ಕಳೆದ ಸೆಮಿಸ್ಟರ್‌ನಲ್ಲಿ ಎಪಿ ಭೌತವಿಜ್ಞಾನದಲ್ಲಿ ಸಿ ಬಂತು, ಅಪ್ಪ ಅಮ್ಮನಿಗೆ ಹೇಳಿಲ್ಲ. ಮುಂದಿನ ವರ್ಷ ರನ್ನಿಂಗ್ ಸ್ಟಾರ್ಟ್‌ಗೆ ಹೋದರೆ ಆ ಗ್ರೇಡ್ ಮುಚ್ಚಿಹೋಗುತ್ತದೆಯೇ? ಈ ಪತ್ರವನ್ನು ಅಜ್ಜಿಯ ಸಹಾಯದಿಂದ ಕನ್ನಡದಲ್ಲಿ ಬರೆಯುತ್ತಿದ್ದೇನೆ. — ಬಾಥೆಲ್, ವಾಷಿಂಗ್ಟನ್

ಉತ್ತರ: ಅಜ್ಜಿಗೆ ಹೇಳಿದ್ದೀಯ ಎಂದಾದ ಮೇಲೆ ಅರ್ಧ ಕೆಲಸ ಆಗಿದೆ, ಉಳಿದರ್ಧಕ್ಕೂ ಅವರ ಸಹಾಯವನ್ನೇ ಪಡೆದುಕೊ. ಆ ಗ್ರೇಡ್ ಮುಚ್ಚಿಹೋಗುವುದಿಲ್ಲ, ಮುಚ್ಚಬೇಕಾದ ಅಗತ್ಯವೂ ಇಲ್ಲ. ಕಷ್ಟದ ವಿಷಯವೊಂದರಲ್ಲಿ ಬಂದ ಒಂದು ಸಿ ಯಾವ ಬಾಗಿಲನ್ನೂ ಪೂರ್ತಿ ಮುಚ್ಚುವುದಿಲ್ಲ. ಎರಡನೆಯ ಸೆಮಿಸ್ಟರ್‌ನಲ್ಲಿ ಅದು ಬಿ ಆದರೆ ಓದುವವರಿಗೆ ಕಾಣುವುದು ಏರುಗತಿ. ಕಾಯಿಲೆಯೋ ಮನೆಯ ತೊಂದರೆಯೋ ಕಾರಣವಾಗಿದ್ದರೆ, ಹಲವು ಕಾಲೇಜುಗಳಿಗೆ ಒಟ್ಟಿಗೆ ಸಲ್ಲುವ ಆನ್‌ಲೈನ್ ಅರ್ಜಿಯಾದ ಕಾಮನ್ ಆ್ಯಪ್‌ನ ಹೆಚ್ಚಿನ ಮಾಹಿತಿಯ ಭಾಗದಲ್ಲಿ ನಾಲ್ಕು ಸಾಲು ಬರೆಯಬಹುದು, ಕೌನ್ಸೆಲರ್ ಕೂಡ ತಮ್ಮ ಪತ್ರದಲ್ಲಿ ತಿಳಿಸಬಹುದು. ಪಾಠ ಅರ್ಥವಾಗಲಿಲ್ಲ ಎಂಬುದೊಂದೇ ಕಾರಣವಾಗಿದ್ದರೆ ಏನನ್ನೂ ಬರೆಯದಿರುವುದೇ ಒಳ್ಳೆಯದು. ಶಿಕ್ಷಕರ ಬಳಿ ವಾರಕ್ಕೊಮ್ಮೆ ಶಾಲೆ ಬಿಟ್ಟ ಮೇಲೆ ಹೋಗಿ ಕುಳಿತುಕೊ.

ರನ್ನಿಂಗ್ ಸ್ಟಾರ್ಟ್ ಒಳ್ಳೆಯ ವ್ಯವಸ್ಥೆ. ನಿಮ್ಮ ರಾಜ್ಯದ ಶಾಸಕಾಂಗ 1990ರಲ್ಲಿ ರೂಪಿಸಿದ ಇದರಲ್ಲಿ ಹನ್ನೊಂದು, ಹನ್ನೆರಡನೆಯ ತರಗತಿಯವರು ಬೋಧನಾ ಶುಲ್ಕವಿಲ್ಲದೆ ಊರಿನ ಸರ್ಕಾರಿ ಕಮ್ಯುನಿಟಿ ಕಾಲೇಜಿನಲ್ಲಿ ಓದಿ, ಪ್ರೌಢಶಾಲೆಗೂ ಕಾಲೇಜಿಗೂ ಒಟ್ಟಿಗೆ ಕ್ರೆಡಿಟ್ ಗಳಿಸುತ್ತಾರೆ. ಪುಸ್ತಕ, ಓಡಾಟ, ಕೆಲವು ಚಿಲ್ಲರೆ ಶುಲ್ಕಗಳು ನಿನ್ನವು. ಆದರೆ ಅಲ್ಲಿ ಬರುವ ಗ್ರೇಡುಗಳು ಕಾಲೇಜಿನ ಶಾಶ್ವತ ದಾಖಲೆಗೂ ಸೇರುತ್ತವೆ, ಹತ್ತು ವಾರಗಳ ಕ್ವಾರ್ಟರ್‌ನಲ್ಲಿ ಪಾಠ ಓಡುತ್ತದೆ, ಬೆನ್ನಟ್ಟಿ ಓದಿಸುವವರು ಯಾರೂ ಇರುವುದಿಲ್ಲ. ತಪ್ಪಿಸಿಕೊಳ್ಳಲು ಹೋಗುವವರಿಗೆ ಅದು ತಕ್ಕ ಜಾಗವಲ್ಲ. ಶಾಲೆಯಲ್ಲಿಲ್ಲದ ಪಾಠ ಅಲ್ಲಿದೆ, ಅಥವಾ ನಾಲ್ಕು ವರ್ಷದ ಪದವಿಯ ಖರ್ಚಿನಲ್ಲಿ ಒಂದು ಪಾಲು ಉಳಿಸಬೇಕು ಎಂದಿದ್ದರೆ ಧಾರಾಳವಾಗಿ ಹೋಗು. ಹೋಗುವ ಮೊದಲು ನಿನಗೆ ಬೇಕಾದ ವಿಭಾಗದವರು ಆ ಕ್ರೆಡಿಟ್‌ಗಳನ್ನು ಒಪ್ಪುತ್ತಾರೆಯೇ ಎಂದು ನೋಡಿಕೊ. ರಾಜ್ಯದ ಸರ್ಕಾರಿ ಸಂಸ್ಥೆಗಳಲ್ಲಿ ತೊಂದರೆ ಕಡಿಮೆ, ದೂರದ ಖಾಸಗಿ ಸಂಸ್ಥೆಗಳಲ್ಲಿ ಖಾತರಿಯಿಲ್ಲ.

ಪ್ರಶ್ನೆ: ಅಟ್ಲಾಂಟಾದಲ್ಲಿ ಹುಟ್ಟಿ ಬೆಳೆದ ಮೊಮ್ಮಗ ಹನ್ನೊಂದನೆಯ ತರಗತಿಯಲ್ಲಿದ್ದಾನೆ. ಡಾಕ್ಟರಾಗಬೇಕೆನ್ನುತ್ತಾನೆ. ಅಲ್ಲಿ ವರ್ಷಗಳು ಹೆಚ್ಚು ಹಿಡಿಯುವುದರಿಂದ ಇಲ್ಲಿಗೆ ಕರೆಸಿಕೊಂಡು ಎಂಬಿಬಿಎಸ್ ಓದಿಸೋಣವೆಂದು ನಮ್ಮ ಆಸೆ. ಸಾಧ್ಯವೇ? — ಶಿವಮೊಗ್ಗ

ಉತ್ತರ: ಸಾಧ್ಯ, ಆದರೆ ತಾವು ಭಾವಿಸಿರುವಷ್ಟು ಸುಲಭವಲ್ಲ. ಅಮೆರಿಕದಲ್ಲಿ ಮೊದಲು ನಾಲ್ಕು ವರ್ಷದ ಪದವಿ, ನಂತರ ವೈದ್ಯಕೀಯ ಪ್ರವೇಶದ ಎಂಸಿಎಟಿ ಪರೀಕ್ಷೆ, ಆಮೇಲೆ ನಾಲ್ಕು ವರ್ಷದ ವೈದ್ಯಕೀಯ ಶಿಕ್ಷಣ ಎಂಬುದು ನಿಜ; ಎರಡನ್ನೂ ಒಟ್ಟುಗೂಡಿಸಿದ ಏಳೆಂಟು ವರ್ಷಗಳ ಕಾರ್ಯಕ್ರಮಗಳು ಇವೆಯಾದರೂ ಸೀಟುಗಳು ಬೆರಳೆಣಿಕೆಯಷ್ಟು. ಭಾರತದಲ್ಲಿ ಓದಬೇಕಾದರೆ ನೀಟ್ ಬರೆಯಲೇಬೇಕು, ಅದಕ್ಕೆ ಭೌತವಿಜ್ಞಾನ, ರಸಾಯನವಿಜ್ಞಾನ, ಜೀವವಿಜ್ಞಾನ, ಇಂಗ್ಲಿಷ್ ಓದಿರಬೇಕು, ಅಮೆರಿಕದ ಪದವಿಪತ್ರಕ್ಕೆ ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ಸಮಾನತಾ ಪ್ರಮಾಣಪತ್ರವೂ ಬೇಕಾಗುತ್ತದೆ. ಅಮೆರಿಕದ ಶಾಲೆಗಳಲ್ಲಿ ಈ ಮೂರು ವಿಜ್ಞಾನಗಳನ್ನು ಒಂದೊಂದು ವರ್ಷ ಒಂದೊಂದರಂತೆ ಓದುವುದು ವಾಡಿಕೆ, ಭೌತವಿಜ್ಞಾನವನ್ನು ಬಿಟ್ಟುಬಿಡುವವರೂ ಉಂಟು. ಮೊಮ್ಮಗ ಮುಂದಿನ ವರ್ಷಕ್ಕೆ ಯಾವ ವಿಷಯಗಳನ್ನು ಆರಿಸುತ್ತಾನೆಂಬುದರ ಮೇಲೆಯೇ ಈ ದಾರಿ ತೆರೆದಿರುವುದೋ ಇಲ್ಲವೋ ನಿರ್ಧಾರವಾಗುತ್ತದೆ. ನೀಟ್ ನಡೆಯುವುದು ಸಾಮಾನ್ಯವಾಗಿ ಮೇ ತಿಂಗಳ ಆರಂಭದಲ್ಲಿ. ಅವನ ಎಪಿ ಪರೀಕ್ಷೆಗಳೂ ಅದೇ ಎರಡು ವಾರಗಳಲ್ಲಿ ಬರುತ್ತವೆ.

ಸೀಟಿನ ವಿಷಯಕ್ಕೆ ಬಂದರೆ, 2021ರ ಮಾರ್ಚ್ 4ರ ಭಾರತ ಸರ್ಕಾರದ ಅಧಿಸೂಚನೆ, ವಿದೇಶಿ ಪೌರತ್ವವಿರುವ ಭಾರತೀಯ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಹೊಂದಿದವರನ್ನು ಎನ್‌ಆರ್‌ಐ ಸೀಟುಗಳಿಗೆ ಸೀಮಿತಗೊಳಿಸಿತು. ಆ ದಿನಾಂಕಕ್ಕೆ ಮೊದಲೇ ಕಾರ್ಡ್ ಪಡೆದವರಿಗೆ ಆ ನಿರ್ಬಂಧ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿತು. ಆದುದರಿಂದ ಅವನ ಕಾರ್ಡಿನ ದಿನಾಂಕವನ್ನು ನೋಡಿ. ಹಾಗಿದ್ದರೂ ಕರ್ನಾಟಕದ ಸರ್ಕಾರಿ ಕೋಟಾಕ್ಕೆ ರಾಜ್ಯದಲ್ಲಿ ಇಷ್ಟು ವರ್ಷ ಓದಿರಬೇಕೆಂಬಂಥ ಷರತ್ತುಗಳಿವೆ. ಅಟ್ಲಾಂಟಾದಲ್ಲೇ ಓದಿದ ಹುಡುಗನಿಗೆ ಪ್ರಾಯೋಗಿಕವಾಗಿ ಉಳಿಯುವುದು ಖಾಸಗಿ ಕಾಲೇಜಿನ ದುಬಾರಿ ಸೀಟು. ಮುಂದೆ ಅಮೆರಿಕಕ್ಕೆ ಮರಳಿ ವೃತ್ತಿ ಮಾಡುವುದಾದರೆ ವೈದ್ಯ ಪರವಾನಗಿಯ ಯುಎಸ್‌ಎಂಎಲ್‌ಇ ಪರೀಕ್ಷೆಗಳನ್ನೂ ಅಲ್ಲಿನ ರೆಸಿಡೆನ್ಸಿಯನ್ನೂ, ಅಂದರೆ ಆಸ್ಪತ್ರೆ ತರಬೇತಿಯನ್ನೂ, ವಿದೇಶಿ ಪದವೀಧರನಾಗಿಯೇ ಎದುರಿಸಬೇಕು. ಅವನು ಶಿವಮೊಗ್ಗದಲ್ಲಿ ನೆಲೆಸುವ ಮನಸ್ಸಿನಿಂದ ಬರುವುದಾದರೆ ನಾನು ಬೇಡವೆನ್ನುವುದಿಲ್ಲ; ವರ್ಷ ಉಳಿಸಲೆಂದಷ್ಟೇ ಆದರೆ ಉಳಿತಾಯ ಅಲ್ಪ.

ಪ್ರಶ್ನೆ: ಮಗಳ ಪರವಾಗಿ ನಾನೇ ಕಾಮನ್ ಆ್ಯಪ್ ಖಾತೆ ತೆರೆದಿದ್ದೇನೆ. ಅವಳಿಗೆ ಓದಲು ಸಮಯ ಸಿಗಲೆಂದು ಪ್ರಬಂಧವನ್ನು ಅವಳ ತಂದೆ ಬರೆದುಕೊಡುವವರಿದ್ದಾರೆ. ಅರ್ಲಿ ಡಿಸಿಷನ್ ಹಾಕಿದರೆ ಒಳ್ಳೆಯದೆಂದು ಎಲ್ಲರೂ ಹೇಳುತ್ತಾರೆ, ನಿಜವೇ? — ನೇಪರ್‌ವಿಲ್, ಇಲಿನಾಯ್

ಉತ್ತರ: ಖಾತೆಯನ್ನು ಅವಳ ಸ್ವಂತ ಇಮೇಲ್‌ಗೆ ಬದಲಾಯಿಸಿ ಪಾಸ್‌ವರ್ಡ್ ಅವಳಿಗೆ ಕೊಡಿ. ಶಾಲೆಯ ಇಮೇಲ್ ಬೇಡ, ಶಾಲೆ ಮುಗಿದ ಮೇಲೆ ಅದು ನಿಂತುಹೋಗಬಹುದು. ಈಗ ತೆರೆದ ಖಾತೆ ಆಗಸ್ಟ್ 1ರಂದು ಹೊಸ ಸಾಲಿಗೆ ಮುಂದುವರಿಯುತ್ತದೆ, ಆದ್ದರಿಂದ ಮಾಡಿದ ಕೆಲಸ ವ್ಯರ್ಥವಾಗಿಲ್ಲ. ಪ್ರಬಂಧದ ವಿಷಯದಲ್ಲಿ ನನ್ನ ಉತ್ತರ ಕಟುವಾಗಿ ತೋರಬಹುದು: ತಂದೆ ಬರೆಯಬಾರದು. ಸಲ್ಲಿಸಿದ್ದೆಲ್ಲ ತನ್ನದೇ ಕೆಲಸವೆಂದು ಮಗಳು ಅರ್ಜಿಯಲ್ಲಿ ಸಹಿ ಮಾಡುತ್ತಾಳೆ. ಕೃತಕ ಬುದ್ಧಿಮತ್ತೆಯಿಂದ ಬರೆಸಿದ್ದನ್ನು ತನ್ನದೆಂದು ಸಲ್ಲಿಸುವುದನ್ನೂ ಕಾಮನ್ ಆ್ಯಪ್ ವಂಚನೆಯ ಪಟ್ಟಿಗೆ ಸೇರಿಸಿದೆ. ಇದಲ್ಲದೆ ನಲವತ್ತೈದು ವರ್ಷದ ಎಂಜಿನಿಯರ್‌ನ 650 ಪದಗಳು ಹದಿನೇಳರ ಹುಡುಗಿಯದರಂತೆ ಕೇಳಿಸುವುದಿಲ್ಲ, ದಿನವಿಡೀ ಇಂಥವನ್ನೇ ಓದುವವರಿಗೆ ಅದು ಮೂರನೆಯ ಸಾಲಿನಲ್ಲೇ ತಿಳಿಯುತ್ತದೆ. ಹತ್ತು ಚಟುವಟಿಕೆಗಳನ್ನು ತಲಾ 150 ಅಕ್ಷರಗಳಲ್ಲಿ ಬರೆಯುವ ಪಟ್ಟಿಗೆ ಬೇಕಾದ ದಿನಾಂಕ, ಗಂಟೆಗಳನ್ನು ಹುಡುಕಿ ಒದಗಿಸುವುದು ನೀವಿಬ್ಬರೂ ಮಾಡಬಹುದಾದ ನಿಜವಾದ ಸಹಾಯ. ತಮ್ಮನನ್ನು ನೋಡಿಕೊಳ್ಳುವುದು, ಅಂಗಡಿಯಲ್ಲಿ ಮಾಡಿದ ಕೆಲಸ, ಕನ್ನಡ ಶಾಲೆಯಲ್ಲಿ ಚಿಕ್ಕವರಿಗೆ ಹೇಳಿಕೊಟ್ಟ ಪಾಠ ಎಲ್ಲವೂ ಅಲ್ಲಿ ಸಲ್ಲುತ್ತವೆ.

ಅರ್ಲಿ ಡಿಸಿಷನ್ ಎಂದರೆ ಒಂದೇ ಕಾಲೇಜಿಗೆ ಕೊಡುವ ಮಾತು. ಸೀಟು ಸಿಕ್ಕರೆ ಬೇರೆಲ್ಲ ಅರ್ಜಿಗಳನ್ನು ಹಿಂತೆಗೆದುಕೊಂಡು ಅಲ್ಲಿಗೇ ಹೋಗುತ್ತೇನೆಂದು ವಿದ್ಯಾರ್ಥಿ, ಪೋಷಕರು, ಕೌನ್ಸೆಲರ್ ಮೂವರೂ ಸಹಿ ಮಾಡುತ್ತಾರೆ. ಘೋಷಿಸಿದ ನೆರವು ನಿಜಕ್ಕೂ ಸಾಲದಿದ್ದರೆ ಮಾತ್ರ ಬಿಡುಗಡೆ ಸಿಗಬಹುದು. ನೆರವಿನ ಮೊತ್ತಗಳನ್ನು ಹೋಲಿಸಿ ನೋಡಬೇಕಾದ ಮನೆಯವರಿಗೆ ಇದು ತಕ್ಕುದಲ್ಲ. ಅದೇ ನವೆಂಬರ್‌ನಲ್ಲಿ ಬರುವ, ಕಟ್ಟುಪಾಡಿಲ್ಲದ ಅರ್ಲಿ ಆ್ಯಕ್ಷನ್ ಇರುವ ಕಾಲೇಜುಗಳು ಅವರಿಗೆ ಮೇಲು. ಉತ್ತರ ಬೇಗ ಬರುತ್ತದೆ, ನಿರ್ಧಾರಕ್ಕೆ ಮೇ 1ರವರೆಗೆ ಸಮಯವಿರುತ್ತದೆ.

ಇನ್ನೊಂದು ವಿಷಯವನ್ನೂ ಈಗಲೇ ತಿಳಿದಿರಿ. 1974ರ ಶೈಕ್ಷಣಿಕ ದಾಖಲೆಗಳ ಗೋಪ್ಯತಾ ಕಾಯ್ದೆಯಂತೆ, ಮಗಳಿಗೆ ಹದಿನೆಂಟು ತುಂಬಿದಾಗ ಅಥವಾ ಅವಳು ಕಾಲೇಜು ಸೇರಿದಾಗ, ಅವಳ ದಾಖಲೆಗಳ ಹಕ್ಕು ನಿಮ್ಮಿಂದ ಅವಳಿಗೆ ವರ್ಗವಾಗುತ್ತದೆ. ಶುಲ್ಕ ಕಟ್ಟುವವರು ನೀವೇ ಆಗಿದ್ದರೂ ಕಾಲೇಜು ನಿಮಗೆ ಗ್ರೇಡು ತಿಳಿಸಬೇಕಾಗಿಲ್ಲ. ತಿಳಿಸಬಹುದೆಂಬ ಒಪ್ಪಿಗೆ ಪತ್ರವನ್ನು ಬಹುತೇಕ ಕಾಲೇಜುಗಳು ಇಟ್ಟಿರುತ್ತವೆ, ಅದಕ್ಕೆ ಸಹಿ ಹಾಕುವವಳು ಮಗಳು.